ತುರೀಯಮ್ಮನ ಮೌನ

ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಓಂಕಾರದ ತರಗತಿ ನಡೆಯುತ್ತಿತ್ತು. ಕೆಳಗಿನ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು, ಮೇಲೆ ಊದುಬತ್ತಿಯ ಹೊಗೆ ಅದರ ಜೊತೆ ಜಗಳಕ್ಕೆ ನಿಂತಿರುತ್ತಿತ್ತು. ಜಮಖಾನದ ಮೇಲೆ ಸಾಲಾಗಿ ಕೂತವರಿಗೆ ಮೇಷ್ಟ್ರು ಬಿಡಿಸಿ ಬಿಡಿಸಿ ಹೇಳುತ್ತಿದ್ದರು.

"ಅ ಅಂದರೆ ಎಚ್ಚರ. ಬಾಯಿ ಪೂರ್ತಿ ತೆರೀತೀವಿ, ಜಗತ್ತೂ ನಮ್ಮ ಮುಂದೆ ತೆರೆದಿರುತ್ತೆ. ಉ ಅಂದರೆ ಕನಸು. ತುಟಿ ಅರ್ಧ ಮುಚ್ಚಿತು, ಜಗತ್ತು ಒಳಗೆ ಬಂತು. ಮ್ ಅಂದರೆ ಗಾಢ ನಿದ್ದೆ. ತುಟಿ ಪೂರ್ತಿ ಮುಚ್ಚಿತು, ಅಲ್ಲಿ ನೀವೂ ಇಲ್ಲ, ನಿಮ್ಮ ಜಗತ್ತೂ ಇಲ್ಲ. ಈ ಮೂರು ಎಲ್ಲರಿಗೂ ಬರುತ್ತೆ. ಎಮ್ಮೆಗೂ ಬರುತ್ತೆ."

ಇಲ್ಲಿ ಜನ ನಗುತ್ತಿದ್ದರು. ನಗು ಇಳಿಯುವವರೆಗೆ ಕಾದು ಮೇಷ್ಟ್ರು ದನಿ ತಗ್ಗಿಸುತ್ತಿದ್ದರು. "ಮ್ ನಿಂತ ಮೇಲೆ ಏನು ಉಳಿಯುತ್ತೋ ಅದು ನಾಲ್ಕನೆಯದು, ತುರೀಯ. ಅದಕ್ಕೆ ಅಕ್ಷರ ಇಲ್ಲ, ಸದ್ದು ಇಲ್ಲ. ಅದನ್ನ ಹೇಳಿಕೊಡೋಕೆ ನನ್ನಿಂದಾಗಲ್ಲ. ತೋರಿಸಬಲ್ಲೆ, ಅಷ್ಟೆ."

ಹಾಗೆಂದು ಅವರು ಕೈ ಚಾಚಿ ತೋರಿಸುತ್ತಿದ್ದುದು ತಮ್ಮ ಹೆಂಡತಿಯನ್ನು. ಆಕೆ ಎತ್ತರದ ಮರದ ಪೀಠದ ಮೇಲೆ ಬಿಳಿ ಸೀರೆ ಉಟ್ಟು, ಕತ್ತಿಗೆ ಬಿಳಿ ಶಾಲು ಸುತ್ತಿಕೊಂಡು ಕೂತಿರುತ್ತಿದ್ದಳು. ಎರಡು ವರ್ಷದ ಹಿಂದೆ ಈ ತಾಯಿ ಮಾತನ್ನು ತಾವಾಗಿಯೇ ಬಿಟ್ಟುಕೊಟ್ಟರು, ಮೌನವ್ರತ ಹಿಡಿದರು, ಅಂದಿನಿಂದ ನಾಲ್ಕನೆಯದರಲ್ಲೇ ಇದ್ದಾರೆ ಎಂದು ಹಾಲ್‌ನಲ್ಲಿದ್ದವರೆಲ್ಲ ನಂಬಿದ್ದರು. ಅವರೇ ಪ್ರೀತಿಯಿಂದ ತುರೀಯಮ್ಮ ಎಂದು ಹೆಸರಿಟ್ಟಿದ್ದರು. ಬೇಸಿಗೆಯಲ್ಲೂ ಶಾಲು ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ. ಶಾಲಿನ ಕೆಳಗೆ ಕತ್ತಿನ ಬುಡದಲ್ಲಿ ಹುಣಸೆಬೀಜ ಹೋಗುವಷ್ಟು ಅಗಲದ ತೂತು ಇತ್ತು.

ಆ ತೂತಿನಿಂದಲೇ ಆಕೆ ಉಸಿರಾಡುತ್ತಿದ್ದಳು. ಮೂಗಿಗೂ ಬಾಯಿಗೂ ಉಸಿರಿನ ಲೆಕ್ಕದಲ್ಲಿ ಇನ್ನು ಕೆಲಸವಿರಲಿಲ್ಲ. ಬಿಸಿ ಚಹಾಕ್ಕೆ ಊದಲು ಬರುತ್ತಿರಲಿಲ್ಲ. ಅತ್ತರೆ ಮೂಗು ಸೋರುತ್ತಿತ್ತು, ಏರಿಸಿಕೊಳ್ಳಲು ಆಗುತ್ತಿರಲಿಲ್ಲ. ಇಂಥ ಸಣ್ಣಪುಟ್ಟ ಅವಮಾನಗಳನ್ನೆಲ್ಲ ನಾಲ್ಕನೆಯ ಸ್ಥಿತಿಯ ಖಾತೆಗೆ ಬರೆದು, ಗಂಡ ಮೇಲೆ ಒಂದು ಶಾಲು ಹೊದಿಸಿಬಿಟ್ಟಿದ್ದರು.

ಆಕೆಯ ಹೊಟ್ಟೆಪಾಡೇ ಒಂದು ಕಾಲಕ್ಕೆ ಮಾತಾಗಿತ್ತು. ದೊಡ್ಡ ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದು ಇಲ್ಲಿ ಅಳುತ್ತ ಕೂತಿದೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ಆ ದನಿಗೆ ಜನ ಎದ್ದು ಓಡುತ್ತಿದ್ದರು, ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು, ಊಟದ ಡಬ್ಬಿ ಅರ್ಧಕ್ಕೆ ಮುಚ್ಚುತ್ತಿದ್ದರು. ಗಂಡನ ದನಿಗೆ ಮಾತ್ರ ಯಾರೂ ತಲೆ ಎತ್ತುತ್ತಿರಲಿಲ್ಲ. ಕಾಲೇಜಿನಲ್ಲಿ ಅವರು ತತ್ತ್ವಶಾಸ್ತ್ರ ಹೇಳುತ್ತಿದ್ದರು, ಮಕಾರದ, ಅಂದರೆ ಗಾಢ ನಿದ್ದೆಯ, ಅನುಭವ ಅವರ ಪಾಠದಲ್ಲಿ ಹುಡುಗರಿಗೆ ಧಾರಾಳವಾಗಿ ಸಿಗುತ್ತಿತ್ತು. ಮನೆಗೆ ಬಂದು ಅವರು, "ಬಸ್ಸಿನ ಹೆಸರು ಕೂಗೋದಕ್ಕೆ ತಲೆ ಬೇಕಾಗಿಲ್ಲ" ಎನ್ನುತ್ತಿದ್ದರು. ಆಕೆ ನಕ್ಕು ಸುಮ್ಮನಾಗುತ್ತಿದ್ದಳು. ಆಗ ಸುಮ್ಮನಾಗುವುದು ಆಕೆಯ ಇಷ್ಟಕ್ಕೆ ಬಿಟ್ಟದ್ದಾಗಿತ್ತು.

ಆಮೇಲೆ ದನಿ ಒಡೆಯಿತು, ಕಷಾಯ ಕುಡಿದರೂ ಸರಿಹೋಗಲಿಲ್ಲ, ಪರೀಕ್ಷೆ ಮಾಡಿಸಿದರೆ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಎಚ್ಚರವಾಗಿಯೇ ಒಳಗೆ ಹೋದಳು, ಮಂಪರಿನಲ್ಲಿ ಏನೋ ಕನಸು ಕಂಡಳು, ಆಮೇಲೆ ಏನೂ ಇಲ್ಲದ ನಿದ್ದೆ. ಗಂಡನ ಮೂರು ಪಾಠವೂ ಒಂದೇ ದಿನದಲ್ಲಿ ಮುಗಿಯಿತು. ನಾಲ್ಕನೆಯದಾಗಿ ಕಣ್ಣು ಬಿಟ್ಟಾಗ ಕತ್ತಿನಲ್ಲಿ ತೂತು ಇತ್ತು.

ಆಕೆಗೆ ಗಂಡನನ್ನು ಬಿಟ್ಟರೆ ಇದ್ದವಳು ಒಬ್ಬಳು ಅಕ್ಕ. ಹುಟ್ಟು ಕುರುಡಿ. ತಾಯಿ ಬೇಗ ಹೋದ ಮನೆಯಲ್ಲಿ ತಂಗಿಯನ್ನು ಎತ್ತಿ ಆಡಿಸಿ, ಉಣಿಸಿ, ಬೈದು ಬೆಳೆಸಿದವಳು ಅವಳೇ. ಬಸ್ಸಿನಲ್ಲಿ ಅರ್ಧ ದಿನದ ದೂರದ ಊರಿನಲ್ಲಿ, ಅಂಧರ ನಿಲಯವೊಂದರಲ್ಲಿ, ಕುರ್ಚಿಗಳಿಗೆ ಬೆತ್ತ ಹೆಣೆಯುತ್ತ ಇದ್ದಳು. ತಂಗಿ ಎಂದರೆ ಅವಳಿಗೆ ಮೊದಲು ದನಿ, ಆಮೇಲೆ ಮಿಕ್ಕಿದ್ದು. ತಂಗಿ ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಅಕ್ಕ ಎದೆನೋವು ಬಂದು ಹಾಸಿಗೆ ಹಿಡಿದಿದ್ದಳು.

"ಈಗಲೇ ಹೇಳೋದು ಬೇಡ," ಎಂದಿದ್ದರು ಮೇಷ್ಟ್ರು, ಆಸ್ಪತ್ರೆಯ ಮಂಚದ ಪಕ್ಕ ಕೂತು. "ಗಂಟಲು ಕೊಯ್ದರು ಅಂದರೆ ಅವರ ಎದೆ ಅಲ್ಲೇ ನಿಲ್ಲುತ್ತೆ. ಏನೋ ವ್ರತ ಹಿಡಿದಿದಾಳೆ ಅಂತ ಹೇಳ್ತೀನಿ. ಒಂದು ತಿಂಗಳು. ಆಮೇಲೆ ನೀನೇ ಹೇಳುವಿಯಂತೆ."

ಆಕೆ ತಲೆ ಆಡಿಸಿದಳು. ಒಪ್ಪಿಯೇ ಆಡಿಸಿದಳು. ಮೇಷ್ಟ್ರನ್ನು ಬೈಯುವ ಭರದಲ್ಲಿ ಈ ಮಾತು ಮರೆಯಬಾರದು.

ಆಕೆಯ ಕೆಲಸ ಹೋಯಿತು, ಮನೆ ಬದಲಾಯಿತು, ಯಾರಿಗೂ ಇವರು ಗೊತ್ತಿಲ್ಲದ ಬಡಾವಣೆಗೆ ಬಂದರು. ಮೊದಲ ವಾರ ಪಕ್ಕದ ಮನೆಯ ಔಷಧಿ ಅಂಗಡಿಯವನು ಪರಿಚಯಕ್ಕೆ ಬಂದ. ಅಮ್ಮನವರು ಮಾತೇ ಆಡಲ್ವಲ್ಲ ಎಂದು ಕೇಳಿದ. ಅಕ್ಕನಿಗೆ ಹೇಳಿ ಹೇಳಿ ಮೇಷ್ಟ್ರ ನಾಲಿಗೆಗೆ ಅಭ್ಯಾಸವಾಗಿದ್ದ ಮಾತು ತಾನಾಗಿ ಬಂತು. "ಮೌನವ್ರತ." ಅಂಗಡಿಯವನು ಕೂತಲ್ಲಿಂದ ಎದ್ದು ಕೈಮುಗಿದ. ಬದುಕಿನುದ್ದಕ್ಕೂ ಒಬ್ಬರೂ ಎದ್ದು ನಿಲ್ಲದಿದ್ದ ಮನುಷ್ಯನ ಮುಂದೆ ಒಬ್ಬ ಎದ್ದು ನಿಂತಿದ್ದ. ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಅವನು ನಾಲ್ಕು ಜನರನ್ನು ಕರೆತಂದ, ಅವರು ಇನ್ನಷ್ಟು ಜನರನ್ನು ತಂದರು, ಮನೆ ಸಾಲದೆ ಹಾಲ್ ಹಿಡಿಯಬೇಕಾಯಿತು. ತಿಂಗಳು ಎಂದದ್ದು ವರ್ಷವಾಯಿತು, ಇನ್ನೊಂದಾಯಿತು.

ಅಕ್ಕ ಎದ್ದು ಓಡಾಡುವಂತಾಗಿದ್ದಳು. ವಾರಕ್ಕೊಮ್ಮೆ ಸಂಜೆ ಫೋನ್ ಮಾಡುತ್ತಿದ್ದಳು. ಮೇಷ್ಟ್ರು ಫೋನನ್ನು ಮೇಜಿನ ಮೇಲಿಟ್ಟು, ಇಬ್ಬರಿಗೂ ಕೇಳುವಂತೆ ಮಾಡಿ, ಹೆಂಡತಿಯ ಪರವಾಗಿ ತಾವೇ ಮಾತಾಡುತ್ತಿದ್ದರು.

"ಪುಟ್ಟಿ ಇದಾಳಾ?"

"ಇಲ್ಲೇ ಇದ್ದಾಳೆ ಅಕ್ಕಾ. ನಿಮಗೆ ಕೈಮುಗೀತಿದ್ದಾಳೆ." ಆಕೆ ಕೈಮುಗಿದಿರುತ್ತಿರಲಿಲ್ಲ.

"ಪುಟ್ಟಿ, ಒಂದೇ ಒಂದು ಸಲ ಅಕ್ಕಾ ಅನ್ನು. ಪಾಪ ಬಂದರೆ ನನಗಿರಲಿ. ನನಗೆ ನಿನ್ನನ್ನ ನೋಡೋದಕ್ಕೆ ಬೇರೆ ದಾರಿ ಇಲ್ಲ ಕಣೇ."

ಮೇಜಿನ ಈ ಕಡೆ ಒಬ್ಬಳು ಸೆರಗು ಬಾಯಿಗೆ ತುರುಕಿಕೊಂಡು ಕೂತಿರುತ್ತಿದ್ದಳು. ಹಾಗೆ ತುರುಕಬೇಕಾದ ಅಗತ್ಯವೇನೂ ಇರಲಿಲ್ಲ, ಸದ್ದು ಹೇಗೂ ಬರುವಂತಿರಲಿಲ್ಲ. ಆ ಕಡೆ ಸ್ವಲ್ಪ ಹೊತ್ತು ಕಾದು ಅಕ್ಕ ಹೇಳುತ್ತಿದ್ದಳು, "ಆಯ್ತು ಬಿಡು. ನೀನು ಎತ್ತರಕ್ಕೆ ಹೋಗ್ಬಿಟ್ಟೆ. ನಾವು ಕೆಳಗೇ ಉಳಿದ್ವಿ."

ಪತ್ರ ಬರೆಯಬಹುದಿತ್ತಲ್ಲ ಎಂದರೆ, ಬರೆದದ್ದನ್ನು ಅಲ್ಲಿ ಯಾರಾದರೂ ಓದಿ ಹೇಳಬೇಕು. ತಂಗಿಯ ಗಂಟಲು ಹೋದ ಸುದ್ದಿಯನ್ನು ನಿಲಯದ ಯಾವಳೋ ಆಯಾ ತಡವರಿಸಿ ಓದುವುದನ್ನು ನೆನೆದು ಆಕೆ ಪೆನ್ನು ಕೆಳಗಿಡುತ್ತಿದ್ದಳು. ತಾನೇ ಹೇಳಬೇಕು. ಬಾಯಾರೆ ಹೇಳಬೇಕು. ಆಕೆ ಬದುಕಿದ್ದದ್ದು ಆ ಒಂದು ಆಸೆಯ ಮೇಲೆ.

ದಾರಿ ಇರಲಿಲ್ಲ ಎಂದಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಣ್ಣುಮಗಳು ಒಂದು ಯಂತ್ರ ಕೊಟ್ಟಿದ್ದಳು. ಸಣ್ಣ ಟಾರ್ಚಿನಷ್ಟಿತ್ತು. ಕತ್ತಿಗೆ ಒತ್ತಿ ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ, ಆ ಸದ್ದನ್ನು ನಾಲಿಗೆ ತುಟಿಗಳಿಂದ ಮಾತಾಗಿ ತಿದ್ದಿಕೊಳ್ಳಬೇಕು. ಮೇಷ್ಟ್ರು ಅದನ್ನು ಒಮ್ಮೆ ಕೇಳಿ, "ಹಿಟ್ಟಿನ ಗಿರಣಿ ಮಾತಾಡಿದ ಹಾಗಿದೆ" ಎಂದು ಬೀರುವಿನ ಮೇಲಕ್ಕೆ ಎತ್ತಿಟ್ಟಿದ್ದರು. ಅವರು ಹೊರಗೆ ಹೋದಾಗ ಆಕೆ ಸ್ಟೂಲ್ ಹಾಕಿ ಅದನ್ನು ಇಳಿಸಿ, ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅಭ್ಯಾಸ ಮಾಡುತ್ತಿದ್ದಳು. ಅ ಸುಲಭ, ಉ ಕೂಡ ಬಂತು, ಮ್ ಅಂತೂ ಯಂತ್ರದ ಹುಟ್ಟುಗುಣ. ಗಂಡ ಜನರಿಗೆ ತಿಂಗಳುಗಟ್ಟಲೆ ತಿದ್ದಿ ತೀಡಿ ಕಲಿಸುತ್ತಿದ್ದ ಓಂಕಾರ ಬಚ್ಚಲಿನಲ್ಲಿ ಮೊದಲ ದಿನವೇ ಬಂದಿತ್ತು. ಆಕೆಗೆ ಬೇಕಿದ್ದದ್ದು ಅದಲ್ಲ. "ಅಕ್ಕ, ನಾನು" ಎಂಬುದನ್ನು ತೊಡಕಿಲ್ಲದೆ ಹೇಳಲು ಆಕೆಗೆ ಇಡೀ ಚಳಿಗಾಲ ಹಿಡಿಯಿತು.

ಅಷ್ಟರಲ್ಲಿ ಅಕ್ಕನೇ ಫೋನಿನಲ್ಲಿ ಹೇಳಿದಳು. "ನಾನೇ ಬರ್ತೀನಿ ಮೇಷ್ಟ್ರೇ. ಮಾತಾಡದಿದ್ದರೆ ಬೇಡ. ಅವಳ ಮೌನದ ಪಕ್ಕ ಒಂದು ಗಳಿಗೆ ಕೂತು ಹೋಗ್ತೀನಿ."

ಮೇಷ್ಟ್ರ ಮುಖ ಅರಳಿತು. "ನೇರ ಹಾಲ್‌ಗೇ ಬನ್ನಿ ಅಕ್ಕಾ, ಭಾನುವಾರ," ಎಂದರು. ಫೋನ್ ಇಟ್ಟು ಹೆಂಡತಿಯ ಕಡೆ ತಿರುಗಿ, "ಹುಟ್ಟು ಕುರುಡಿ ಅಕ್ಕ, ಮೌನಿ ತಂಗಿ. ಇನ್ನು ನಾನು ಬಾಯಿ ಬಿಡಬೇಕಾಗೇ ಇಲ್ಲ, ನೀವಿಬ್ಬರು ಎದುರು ಬದುರು ಕೂತರೆ ಅದೇ ಪಾಠ" ಎಂದರು. ಆಕೆ ಸ್ಲೇಟಿನ ಮೇಲೆ ಬರೆದಳು: ಅಕ್ಕನಿಗೆ ನಾನೇ ಹೇಳ್ತೀನಿ. ಮೇಷ್ಟ್ರು ಅಂಗೈಯಿಂದ ಅದನ್ನು ಒರೆಸಿದರು.

"ಹೇಳು, ಯಾರು ಬೇಡ ಅಂದರು? ತರಗತಿ ಮುಗಿದ ಮೇಲೆ ಮನೆಗೆ ಕರ್ಕೊಂಡು ಬಂದು ಹೇಳು. ಜನರ ಮುಂದೆ ಮಾನ ಕಳೀಬೇಡ."

ಭಾನುವಾರ ಬೆಳಿಗ್ಗೆ ಮೇಷ್ಟ್ರಿಗೆ ಕಾಲು ನೆಲದ ಮೇಲಿರಲಿಲ್ಲ. ಆಕೆ ದಿನವೂ ಎದ್ದ ಕೂಡಲೇ ತನ್ನ ಕತ್ತಿನ ತೂತಿಗೆ ಉಪ್ಪುನೀರಿನ ಹನಿ ಬಿಟ್ಟು, ಒಳಗೆ ಅಂಟಿ ಗಟ್ಟಿಯಾದ ಕಫವನ್ನು ಕೆಮ್ಮಿ ತೆಗೆಯಬೇಕು, ಇಲ್ಲದಿದ್ದರೆ ಅದು ಬಿರಟೆಯ ಹಾಗೆ ಕೂತುಬಿಡುತ್ತದೆ. ಆಕೆ ಹನಿಯ ಶೀಶೆಗೆ ಕೈ ಹಾಕಿದರೆ, "ಬಂದು ಮಾಡ್ಕೋ, ಹೊತ್ತಾಯ್ತು" ಎಂದರು. ಒಂದು ಶಾಲಿನ ಮೇಲೆ ಇನ್ನೊಂದು ಸುತ್ತಿದರು. "ನಿಮ್ಮಕ್ಕನ ಕಿವಿ ಬಲು ಚುರುಕು. ನಿನ್ನ ಗೊರಗೊರ ಕೇಳಿಸಬಾರದು." ಹಿಂದುಗಡೆ ಬಿಗಿಯಾಗಿ ಪಿನ್ನು ಚುಚ್ಚಿದರು. ಯಂತ್ರ ಆಕೆಯ ಸೊಂಟದಲ್ಲಿ, ಸೀರೆಯ ಮಡಿಕೆಯೊಳಗೆ ಕೂತಿದ್ದು ಅವರಿಗೆ ಗೊತ್ತಾಗಲಿಲ್ಲ.

ಹಾಲ್ ಕಿಕ್ಕಿರಿದಿತ್ತು. ಮೆಟ್ಟಿಲ ಮೇಲೂ ಜನ. ನಿಲಯದ ಆಯಾಳ ತೋಳು ಹಿಡಿದು ಅಕ್ಕ ಬಂದಳು, ತೆಳ್ಳಗಾಗಿದ್ದಳು, ಕೋಲಿನಿಂದ ಜಮಖಾನದ ಅಂಚು ಮುಟ್ಟಿ ನೋಡಿ ಮೊದಲ ಸಾಲಿನಲ್ಲಿ ಕೂತಳು. ಪೀಠದ ಮೇಲಿನವಳಿಗೆ ಜಿಗಿದು ಹೋಗಿ ತಬ್ಬಿಕೊಳ್ಳಬೇಕೆನಿಸಿತು. ಮೇಷ್ಟ್ರು ಕಣ್ಣಿನಲ್ಲೇ ಕೂರು ಎಂದರು. ಇನ್ನೊಂದು ಗಂಟೆ ತಾನೇ ಎಂದು ಆಕೆ ಕೂತಳು.

ಅ ಹೊಟ್ಟೆಯಿಂದ ಎದ್ದಿತು, ಉ ಎದೆಗೆ ಬಂತು, ಮ್ ತಲೆಯಲ್ಲಿ ಗುಂಯ್‌ಗುಟ್ಟಿ ಕಿಟಕಿಯ ಗಾಜು ನಡುಗಿಸಿ ನಿಂತಿತು. ಆಮೇಲೆ ನಾಲ್ಕನೆಯದು. ತರಗತಿಯ ಕಟ್ಟುನಿಟ್ಟಿನ ಪದ್ಧತಿ ಏನೆಂದರೆ, ಮೌನ ಶುರುವಾದ ಮೇಲೆ ಎಲ್ಲರೂ ಕಣ್ಣು ತೆರೆದು ತುರೀಯಮ್ಮನನ್ನೇ ನೋಡುತ್ತ ಕೂರಬೇಕು. ಮೇಷ್ಟ್ರು ಕೈಗಂಟೆ ಬಾರಿಸುವವರೆಗೆ ಸೊಳ್ಳೆ ಕಚ್ಚಿದರೂ ಅಲುಗಬಾರದು.

ಆಗ ಆ ಕಫದ ಬಿರಟೆ ಕೂತಿತು. ಒಂದು ಉಸಿರು ಅರ್ಧ ಒಳಗೆ ಹೋಯಿತು, ಮುಂದಿನದು ಹೋಗಲಿಲ್ಲ. ಆಕೆ ಶಾಲು ಜಗ್ಗಿದಳು, ಪಿನ್ನು ಬಿಡಲಿಲ್ಲ. ಕಣ್ಣು ದೊಡ್ಡವಾದವು, ತುಟಿ ನೀಲಿಗಟ್ಟತೊಡಗಿತು, ಮೈ ಹಿಂದಕ್ಕೂ ಮುಂದಕ್ಕೂ ತೂಗಿತು. ಕೂಗಲು ಆಕೆಗೆ ದನಿ ಇರಲಿಲ್ಲ, ಯಂತ್ರ ಒತ್ತಲು ಕತ್ತು ಶಾಲಿನೊಳಗೆ ಸಿಕ್ಕಿತ್ತು. ಎದುರಿಗೆ ಅಷ್ಟೂ ಜನ ಕಣ್ಣರಳಿಸಿ ನೋಡುತ್ತಿದ್ದರು, ಕೆಲವರ ಕಣ್ಣಲ್ಲಿ ನೀರು ಬಂದಿತ್ತು. ಇವತ್ತು ತಾಯಿಗೆ ತುರೀಯ ಪೂರ್ತಿ ಹತ್ತಿಬಿಟ್ಟಿದೆ ಎಂದುಕೊಂಡರು.

ಆಕೆ ಗಂಡನ ಕಡೆ ನೋಡಿದಳು. ಮೇಷ್ಟ್ರು ಆಕೆಯನ್ನೇ ನೋಡುತ್ತಿದ್ದರು. ಏನಾಗುತ್ತಿದೆ ಎಂದು ಆ ಹಾಲ್‌ನಲ್ಲಿ ಗೊತ್ತಿದ್ದವರು ಅವರೊಬ್ಬರೇ. ಅವರ ಬಲಗೈ ಗಂಟೆಯ ಮೇಲಿತ್ತು, ಎರಡು ಬೆರಳು ಗಂಟೆಯ ನಾಲಿಗೆಯನ್ನು ಹಿಡಿದಿದ್ದವು. ಇಷ್ಟು ಒಳ್ಳೆಯ ಮೌನ ಅವರಿಗೆ ಬದುಕಿನಲ್ಲೇ ಸಿಕ್ಕಿರಲಿಲ್ಲ. ಇನ್ನು ಸ್ವಲ್ಪ ಎಂದು ಅವರಿಗೆ ಅನ್ನಿಸಿದ್ದು ಮುಖದ ಮೇಲೆ ಕಾಣುತ್ತಿತ್ತು. ಬೆರಳು ಸಡಿಲವಾಗಲಿಲ್ಲ.

ಮೊದಲ ಸಾಲಿನಲ್ಲಿ ಅಕ್ಕ ತಲೆ ಓರೆ ಮಾಡಿದಳು. "ಯಾರಿಗೋ ಉಸಿರು ಕಟ್ತಾ ಇದೆ," ಎಂದಳು.

ಪಕ್ಕದವರು ಶ್ ಎಂದರು. ಮೇಷ್ಟ್ರು ಮೆಲ್ಲಗೆ, "ಅದು ಪ್ರಾಣ ಮೇಲಕ್ಕೆ ಹತ್ತೋ ಸದ್ದು ಅಕ್ಕಾ. ಸುಮ್ಮನೆ ಕೂತು ಕೇಳಿ" ಎಂದರು. ಅಕ್ಕ ತಪ್ಪು ಮಾಡಿದವಳಂತೆ ಕುಗ್ಗಿ, ಆ ಸದ್ದು ಬಂದ ಕಡೆಗೆ ತಿರುಗಿ ಕೈಮುಗಿದಳು.

ಅದನ್ನು ನೋಡಿದ್ದೇ ಪೀಠದ ಮೇಲಿದ್ದವಳಿಗೆ ಎಲ್ಲಿಂದಲೋ ಬಲ ಬಂತು. ಎರಡೂ ಕೈಯಿಂದ ಶಾಲು ಹರಿದಳು, ಪಿನ್ನು ಕತ್ತು ಗೀರಿ ಹಾರಿತು. ಬಾಗಿ, ಹೊಟ್ಟೆ ಅದುಮಿಕೊಂಡು, ಎದೆಯಲ್ಲಿ ಉಳಿದಿದ್ದ ಕೊನೆಯ ಗಾಳಿಯಿಂದ ಕೆಮ್ಮಿದಳು. ಒಣಗಿದ ಅಂಟಿನಂಥ ಒಂದು ತುಂಡು ತೂತಿನಿಂದ ಹಾರಿ ಪೀಠದ ಬಿಳಿ ಹಾಸಿನ ಮೇಲೆ ಬಿತ್ತು. ಮುಂದಿನ ಸಾಲು ಕಾಲು ಹಿಂದಕ್ಕೆಳೆದುಕೊಂಡಿತು. ಆಕೆ ಗೊರಗೊರ ಉಸಿರೆಳೆದಳು, ಮತ್ತೆ ಎಳೆದಳು. ಸೊಂಟದಿಂದ ಯಂತ್ರ ತೆಗೆದು ಕತ್ತಿಗೆ ಒತ್ತಿದಳು.

"ಅಕ್ಕ. ನಾನು."

ಅಕ್ಕ ಬೆಚ್ಚಿ ಆಯಾಳ ಕೈ ಹಿಡಿದುಕೊಂಡಳು. "ಏನದು? ಯಾವ ಮಿಷನ್ನು?"

"ಅಕ್ಕ. ನಾನು. ಪುಟ್ಟಿ."

"ಯಾರ್ರೀ ಅದು, ಕುರುಡಿ ಅಂತ ಆಟ ಆಡಿಸ್ತಿದ್ದೀರಾ?"

"ಏನೂ ಇಲ್ಲ ಅಕ್ಕಾ," ಎಂದರು ಮೇಷ್ಟ್ರು. ದನಿ ಎಣ್ಣೆ ಹಚ್ಚಿದಂತಿತ್ತು. "ಕೆಳಗಡೆ ಟೈರ್ ಅಂಗಡಿ, ಗಾಳಿ ತುಂಬೋ ಯಂತ್ರ. ಪುಟ್ಟಿ ಮೌನದಲ್ಲೇ ಇದ್ದಾಳೆ."

ಅಕ್ಕ ಅವರನ್ನು ಬಿಟ್ಟು ಜನರ ಕಡೆ ತಿರುಗಿದಳು. "ನಿಮಗೆಲ್ಲ ಕಣ್ಣಿದೆ. ಹೇಳಿ. ಮಾತಾಡಿದ್ದು ಯಾರು?"

ಒಬ್ಬರೂ ಹೇಳಲಿಲ್ಲ. ತೂತು ಎಲ್ಲರಿಗೂ ಕಾಣುತ್ತಿತ್ತು, ಯಂತ್ರ ಕಾಣುತ್ತಿತ್ತು, ಪಿನ್ನು ಗೀರಿದ ರಕ್ತ ಕಾಣುತ್ತಿತ್ತು. ಔಷಧಿ ಅಂಗಡಿಯವನು ಇಂಥ ಕತ್ತಿನವರಿಗೆ ಬಟ್ಟೆ, ನಳಿಗೆ ಮಾರಿದವನು, ನೋಡಿದ ಕೂಡಲೇ ಅವನಿಗೆ ತಿಳಿದಿತ್ತು. ಅವನು ತನ್ನ ಕಾಲಿನ ಹೆಬ್ಬೆರಳು ನೋಡುತ್ತ ಕೂತ. ಬಾಯಿಬಿಟ್ಟರೆ ಎರಡು ವರ್ಷ ಕೈಮುಗಿದದ್ದು ಯಾವುದಕ್ಕೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಆಯಾಳ ಬಾಯಿ ಹೆದರಿಕೆಗೇ ಕಟ್ಟಿಹೋಗಿತ್ತು. ಗಂಟೆಯ ಹಂಗಿಲ್ಲದೆ, ಯಾರೂ ಹೇಳಿಕೊಡದೆ, ಹಾಲ್ ಅಷ್ಟು ಹೊತ್ತು ಮೌನವಾಗಿ ಕೂತಿತು.

ಆಕೆ ಪೀಠ ಇಳಿದು ಅಕ್ಕನ ಮುಂದೆ ಮಂಡಿಯೂರಿ ಕೂತಳು. ಅಕ್ಕನ ಕೈಯನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಇಟ್ಟುಕೊಂಡಳು. ಬೆತ್ತದ ಎಳೆ ಹಿಡಿದು ಹಿಡಿದು ಒರಟಾದ ಬೆರಳು ಕೆನ್ನೆ ಸವರಿತು, ಕಿವಿ ಮುಟ್ಟಿತು, ಗುರುತು ಹಿಡಿಯಿತು, ಗದ್ದದ ಕೆಳಗೆ ಜಾರಿತು. ತೂತಿನ ಅಂಚಿಗೆ ಬಂದು ನಿಂತಿತು. ಬೆಚ್ಚಗಿನ ಉಸಿರು ಅಕ್ಕನ ಬೆರಳಿಗೆ ಬಡಿಯುತ್ತಿತ್ತು.

"ಯಾವಾಗ?" ಎಂದಳು ಅಕ್ಕ.

"ಎರಡು ವರ್ಷ."

"ನಾನು ಫೋನ್ ಮಾಡಿದಾಗೆಲ್ಲ ಪಕ್ಕದಲ್ಲೇ ಇದ್ದೆಯಾ?"

"ಇದ್ದೆ."

"ವ್ರತ ಅಂತ ಹೇಳೋಣ ಅಂದಿದ್ದು ಇವರು ತಾನೇ?"

"ಹೌದು."

"ನೀನು ಒಪ್ಪಿದೆಯಾ?"

ಇಲ್ಲ ಎಂದುಬಿಡಬಹುದಿತ್ತು. ಆದರೆ ಅಕ್ಕನ ಮುಂದೆ ಸುಳ್ಳಾಡಲು ಆಕೆ ಆ ಯಂತ್ರ ಕಲಿತಿರಲಿಲ್ಲ.

"ಒಪ್ಪಿದೆ," ಎಂದಳು.

ನಿನ್ನ ಎದೆನೋವಿಗೆ ಹೆದರಿ ಒಪ್ಪಿದೆ, ಒಂದು ತಿಂಗಳು ಅಂದಿದ್ದರು, ಆಮೇಲೆ ದಾರಿ ಸಿಗಲಿಲ್ಲ ಎಂದು ಮುಂದಿನದನ್ನು ಹೇಳಹೊರಟಳು. ಅದನ್ನು ಬಚ್ಚಲಿನಲ್ಲಿ ಕಲಿತಿರಲಿಲ್ಲ. ರಕ್ತ, ಕಫ, ಕಣ್ಣೀರಿನಿಂದ ಕತ್ತು ಒದ್ದೆಯಾಗಿ ಯಂತ್ರ ಜಾರುತ್ತಿತ್ತು. ಮಾತು ಒಡೆದು ಬರೀ ಗುಂಯ್ ಎನ್ನುವುದೊಂದೇ ಹೊರಟಿತು.

ಅಕ್ಕ ಅದಕ್ಕೆ ಕಾಯಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ದಿನಾ ಸಂಜೆ ನಿನ್ನ ವ್ರತ ಮುರೀಲಿ ಅಂತ ದೇವರ ಹತ್ತಿರ ಬೇಡ್ಕೋತಿದ್ದೆ. ಹಾಗೆ ಬೇಡಿದ್ದು ಪಾಪ ಅಂತ ಮತ್ತೆ ಕೂತು ಕ್ಷಮೆ ಕೇಳ್ತಿದ್ದೆ. ಇಬ್ಬರೂ ಕೂತು ಎಷ್ಟು ನಕ್ಕಿರಬೇಕು ನೀವು." ದನಿ ಏರಲಿಲ್ಲ. ಕೋಲಿಗೆ ತಡಕಾಡಿ ಎದ್ದು, "ಹೊರಡೋಣಮ್ಮ, ಬಸ್ಸು ತಪ್ಪುತ್ತೆ" ಎಂದು ಆಯಾಳಿಗೆ ಹೇಳಿದಳು. ಜನ ದಾರಿ ಬಿಟ್ಟರು. ಕೋಲು ಒಂದೊಂದೇ ಮೆಟ್ಟಿಲು ಬಡಿಯುತ್ತ ಇಳಿದುಹೋಯಿತು. ಮಂಡಿಯೂರಿದವಳ ಕೈಯಲ್ಲಿ ಯಂತ್ರ ಇನ್ನೂ ಗುಂಯ್ ಎನ್ನುತ್ತಿತ್ತು.

ಆಗ ಮೇಷ್ಟ್ರು ಗಂಟೆ ಬಾರಿಸಿದರು.

ಮುಂದಿನ ಭಾನುವಾರ ತರಗತಿ ನಿಂತುಹೋಗಿರಬೇಕು ಎಂದುಕೊಂಡರೆ ನೀವು ಜನರನ್ನು ಸರಿಯಾಗಿ ನೋಡಿಲ್ಲ. ಔಷಧಿ ಅಂಗಡಿಯವನೇ ಮೊದಲು ದಾರಿ ಕಂಡುಕೊಂಡ. ಮಾತಿನ ಆಸೆ ಮತ್ತೆ ಹುಟ್ಟಬಾರದೆಂದು ತಾಯಿ ಗಂಟಲನ್ನೇ ತೆಗೆಸಿಕೊಂಡರಲ್ಲ, ಎಂಥ ತ್ಯಾಗ ಎಂದ. ಸುದ್ದಿ ಹಬ್ಬಿ ಇನ್ನೂ ದೂರದಿಂದ ಜನ ಬಂದರು. ಈಗ ಶಾಲು ಬೇಕಿರಲಿಲ್ಲ, ತೂತು ನೋಡಲೆಂದೇ ಬರುತ್ತಿದ್ದರು. ಮೇಷ್ಟ್ರು ಯಂತ್ರವನ್ನು ಮತ್ತೆ ಬೀರುವಿನ ಮೇಲೆ ಎತ್ತಿಡಲಿಲ್ಲ, ಆಕೆಯ ಕೈಯಲ್ಲೇ ಬಿಟ್ಟರು. "ಮನೆಯಲ್ಲಿ ಎಷ್ಟು ಬೇಕಾದರೂ ಮಾತಾಡ್ಕೋ, ನನ್ನದೇನಿದೆ" ಎಂದರು. ಆಕೆ ಅವರ ಜೊತೆ ಒಂದು ಮಾತೂ ಆಡಲಿಲ್ಲ, ಅದನ್ನೂ ಅವರು ಪಾಠದಲ್ಲಿ ಸೇರಿಸಿಕೊಂಡರು.

ಒಂದು ಬುಧವಾರ ಸಂಜೆ ಗಂಡ ವಾಕಿಂಗ್ ಹೋದಾಗ ಆಕೆ ತಾನೇ ನಿಲಯಕ್ಕೆ ಫೋನ್ ಮಾಡಿದಳು. ಹೇಳಬೇಕಾದದ್ದನ್ನೆಲ್ಲ ಈ ಸಲ ಕಲಿತುಕೊಂಡಿದ್ದಳು, ಎದೆನೋವು, ಒಂದು ತಿಂಗಳು, ಬಚ್ಚಲಿನ ನಲ್ಲಿ, ಎಲ್ಲವನ್ನೂ. ಆಯಾ ಎತ್ತಿದಳು. ದನಿ ಕೇಳಿ ಅವಳಿಗೆ ಗೊತ್ತಾಯಿತು.

"ಅಕ್ಕನ್ನ ಕರೀರಿ."

ಆಯಾ ಫೋನನ್ನು ಮೇಜಿನ ಮೇಲಿಟ್ಟು ಕರೆಯಲು ಹೋದಳು. ಕುರ್ಚಿ ಎಳೆದ ಸದ್ದು, ಕೋಲು ಗೋಡೆಗೆ ಒರಗಿಸಿದ ಸದ್ದು. ಮತ್ತೆ ಆಯಾಳ ದನಿಯೇ ಬಂತು, ತೀರಾ ಮೆಲ್ಲಗೆ.

"ಬಂದಿದ್ದಾರೆ ಅಮ್ಮ. ಪಕ್ಕದಲ್ಲೇ ಕೂತಿದ್ದಾರೆ, ಫೋನ್ ಅವರ ಕಿವಿಗೇ ಕೊಡ್ತೀನಿ, ಹೇಳೋದು ಹೇಳಿ. ಆದರೆ ಅವರು ಮಾತಾಡಲ್ವಂತೆ. ನಿಮಗೆ ಇಷ್ಟು ತಿಳಿಸು ಅಂದರು, ಅವರೂ ಮೌನವ್ರತ ಹಿಡಿದಿದ್ದಾರಂತೆ."

ಆಕೆ ಯಂತ್ರವನ್ನು ಕತ್ತಿಗೆ ಒತ್ತಿಕೊಂಡು, ಗುಂಡಿ ಅದುಮದೆ ನಿಂತಳು. ಆ ಕಡೆ ಅಕ್ಕ ಉಸಿರಾಡುವುದು ಕೇಳುತ್ತಿತ್ತು.